ಕರ್ಪೂರಕ್ಕೆ ಅಲುಗದ ಕೈ

ಮೂಡಲಪಾಳ್ಯದ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಕ್ರೈಸ್ತರ ಧರ್ಮಯುದ್ಧಗಳ ಪಾಠ ಬಂದಾಗಲೆಲ್ಲ, ಪುಸ್ತಕದಲ್ಲಿ ಇಲ್ಲದಿದ್ದರೂ, ಜೆರುಸಲೇಮನ್ನು ಆಳಿದ ಕುಷ್ಠರೋಗಿ ರಾಜನ ಕಥೆ ಹೇಳುವುದು ನನ್ನ ರೂಢಿ. ಚಿಕ್ಕವನಿದ್ದಾಗ ಅವನೂ ಗೆಳೆಯರೂ ಒಬ್ಬರ ಕೈ ಒಬ್ಬರು ಚಿವುಟುವ ಆಟ ಆಡುತ್ತಿದ್ದರು. ಉಳಿದವರು ಕಿರುಚಿದರೆ ಇವನು ಸುಮ್ಮನಿರುತ್ತಿದ್ದ. ಎಂಥ ಗಟ್ಟಿಗ ಎಂದುಕೊಂಡಿದ್ದ ಗುರುವಿಗೆ, ಆ ಕೈಗೆ ಸ್ಪರ್ಶವೇ ಇಲ್ಲವೆಂದು ಆಮೇಲೆ ಗೊತ್ತಾಯಿತು. ವರ್ಷವರ್ಷವೂ ಇದನ್ನು ಹೇಳಿದವಳಿಗೆ ತನ್ನ ಕೈಯೇ ಗೊತ್ತಾಗಲಿಲ್ಲ. ದೀಪದ ಬುಡದಲ್ಲೇ ಕತ್ತಲು.

ನಮ್ಮ ಮನೆ ಆರ್‌ಪಿಸಿ ಲೇಔಟಿನಲ್ಲಿ. ಅತ್ತೆ ದಾವಣಗೆರೆ ಕಡೆಯವರು. ಇಷ್ಟಲಿಂಗ ಪೂಜೆ ಮುಗಿಯದೆ ತಿಂಡಿಯ ಮಾತೇ ಇಲ್ಲ. ಕಳೆದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಎಡಗೈಯ ಲಿಂಗಕ್ಕೆ ಆರತಿ ಬೆಳಗಿ ಕಣ್ಣು ಮುಚ್ಚಿದ್ದೆ. ಉರಿಯುವ ಕರ್ಪೂರದ ಚೂರೊಂದು ಅದೇ ಕೈಯ ಕಿರುಬೆರಳ ಬುಡಕ್ಕೆ ಜಾರಿ ಚರ್ಮ ಸುಟ್ಟಿತು. ನಾನು ಅಲುಗಲಿಲ್ಲ. ಭಕ್ತಿಯೂ ಅಲ್ಲ, ಮಣ್ಣೂ ಅಲ್ಲ. ತಿಂಡಿಗೆ ಏನು ಮಾಡಲಿ ಎಂದು ಯೋಚಿಸುತ್ತಿದ್ದೆ.

ಅತ್ತೆ ಬೊಬ್ಬೆ ನೋಡಿ ನನಗೇ ಕೈಮುಗಿದರು. “ಲಿಂಗದಾಗ ಮನಸಿಟ್ಟೋರಿಗೆ ಬೆಂಕಿನೂ ಸುಡಂಗಿಲ್ಲ” ಎಂದು ಬೀದಿಗೆಲ್ಲ ಹೇಳಿದರು. ಅಟ್ಟಕ್ಕೇರಿಸಿದವರು ಕೆಲಸವನ್ನೂ ಜೊತೆಗೇ ಏರಿಸಿದರು. ಯಾರ ಮನೆಯಲ್ಲಿ ಪ್ರಸಾದದ ಊಟವಾದರೂ ಅಡುಗೆಗೆ ಕರೆ ನನಗೇ. ಸ್ಕೂಲು ಮುಗಿಸಿ ಬಂದು ಇನ್ನೊಬ್ಬರ ಅಡುಗೆಮನೆಯಲ್ಲಿ ನಿಲ್ಲುವಾಗ ಜೀವ ಸಾಕಾಗಿ ಹೋಗುತ್ತಿತ್ತು.

ಗಾಯ ಮಾಯಲಿಲ್ಲ. ಚರ್ಮದ ಡಾಕ್ಟರು ಪಿನ್ನಿನಿಂದ ಅಂಗೈ ಚುಚ್ಚಿ ನೋಡಿ ಕುಷ್ಠ ಎಂದರು. “ಮಾತ್ರೆಗೆ ವಾಸಿಯಾಗುತ್ತೆ ಮೇಡಂ, ತಗೊಳ್ತಾ ಇದ್ರೆ ಮನೆಯವರಿಗೂ ಹರಡಲ್ಲ. ಆದ್ರೆ ಹೋದ ಸ್ಪರ್ಶ ವಾಪಸ್ ಬರೋದು ಕಷ್ಟ. ಒಲೆ ಹತ್ರ ಹೋಗ್ಬೇಡಿ, ಹಿಂಗೇ ಸುಟ್ಕೊಳ್ತಾ ಇದ್ರೆ ಬೆರಳು ಉಳಿಯಲ್ಲ.”

ಮನೆಯಲ್ಲಿ ನನ್ನ ತಟ್ಟೆ ಬೇರೆ ಇಡುತ್ತಾರೇನೋ ಎಂದು ಹೆದರಿದ್ದೆ. ಇಟ್ಟರೆ ಇಡಲಿ, ಒಂದು ಕೋಣೆಯಲ್ಲಿ ಸುಮ್ಮನೆ ಕೂರಬಹುದಲ್ಲ ಎಂಬ ಆಸೆಯೂ ಇತ್ತು. ಆ ರಾಜನೂ ಆಳ್ವಿಕೆಯನ್ನು ಬೇರೆಯವರಿಗೆ ಒಪ್ಪಿಸಿ ನೋಡಿದ್ದ. ಒಪ್ಪಿಸಿಕೊಂಡವರು ನೆಟ್ಟಗೆ ನಡೆಸಲಿಲ್ಲ. ಕಣ್ಣು ಹೋದ ಮೇಲೂ ಅವನನ್ನು ಡೋಲಿಯಲ್ಲಿ ಹೊತ್ತು ಯುದ್ಧಕ್ಕೆ ಒಯ್ದರು. ಅವನಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ.

ಸಂಜೆ ಎಲ್ಲ ಹೇಳಿದೆ. ಯಾರೂ ದೂರ ಸರಿಯಲಿಲ್ಲ.

“ಮಾತ್ರೆಗೆ ಹೋಗುತ್ತೆ ತಾನೆ? ಮತ್ತೇನು ಯೋಚ್ನೆ” ಎಂದರು ನನ್ನ ಗಂಡ. “ಭಾನುವಾರ ಸ್ವಾಮಿಗಳು ಪ್ರಸಾದಕ್ಕೆ ಬರ್ತಾರೆ, ಹೋಳಿಗೆ ಮಾತ್ರ ನೀನೇ ಮಾಡ್ಬೇಕು ಕಣೇ.”

“ನಾನು ಮಾಡಲ್ಲ” ಎಂದೆ.

ಅತ್ತೆ ಬಹಳ ಹೊತ್ತು ನನ್ನ ಕೈ ನೋಡಿದರು. “ಹಂಗಾರೆ ಆವತ್ತು ಸುಟ್ಟಿದ್ದು ನಿಂಗೆ ಗೊತ್ತೇ ಆಗಿರಲಿಲ್ಲೇನವ್ವಾ?”

“ಇಲ್ಲ ಅತ್ತೆ.”

ಅವರ ಮುಖ ಬಾಡಿತು. ನನ್ನ ಬೆರಳಿಗೋ, ಇಲ್ಲದ ನನ್ನ ಭಕ್ತಿಗೋ, ಕೇಳುವ ಶಕ್ತಿ ನನಗಿರಲಿಲ್ಲ.

ಭಾನುವಾರ ಹೂರಣ ರುಬ್ಬಿದ್ದಾಯಿತು. ಗಂಡ ನನ್ನ ಮುಖ ನೋಡಿದರು, ನಾನು ಗೋಡೆ ನೋಡಿದೆ. ಕೊನೆಗೆ ಅತ್ತೆಯೇ ಮಂಡಿ ಹಿಡಿದುಕೊಂಡು ಎದ್ದರು. ಸ್ವಲ್ಪ ಹೊತ್ತಿಗೆ ಹೆಂಚು ತಾಗಿ ಅವರು ಸ್ಸ್ ಎಂದದ್ದು ಕೇಳಿಸಿತು. ಆದರೂ ನಾನು ಏಳಲಿಲ್ಲ.