ಮೆಲ್ಲಗಕ್ಕನ ಗಾಜಿನ ಬಾಟಲಿ

ನಮ್ಮ ಪ್ರಯೋಗಾಲಯದಲ್ಲಿ ಅವರ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವರು ಮೆಲ್ಲಗಕ್ಕ. ಯಾರಾದರೂ ಬಾಗಿಲನ್ನು ದಡಾರನೆ ಹಾಕಿದರೆ, ಜೀವಕಣಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಇಟ್ಟ ಮೇಜಿಗೆ ಮೊಣಕೈ ತಗುಲಿಸಿದರೆ, ಕೊನೆಗೆ ಜೋರಾಗಿ ಸೀನಿದರೂ ಒಳಗಿನಿಂದ ‘ಮೆಲ್ಲಗೆ’ ಎಂಬ ಧ್ವನಿ ಬರುತ್ತಿತ್ತು. ಒಮ್ಮೆ ಅವರನ್ನು ಕರೆದೊಯ್ಯಲು ಬಂದಿದ್ದ ಗಂಡ, ಮನೆಯಲ್ಲಿ ಪಾತ್ರೆ ಇಡುವಾಗಲೂ ನನಗೆ ಇದೇ ಪಾಠ ಎಂದು ಹೇಳಿ ನಮ್ಮನ್ನೆಲ್ಲ ನಗಿಸಿ ಹೋಗಿದ್ದರು.

ಅಕ್ಕ ಹತ್ತೊಂಬತ್ತನೆಯ ವಯಸ್ಸಿಗೆ ಅಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಸೇರಿದವರು. ಆಗ ಎಲ್ಲವೂ ಗಾಜೇ. ಅವರು ತೊಳೆದ ಬಾಟಲಿಯನ್ನು ಬೆಳಕಿಗೆ ಹಿಡಿದರೆ ಎದುರಿನ ಗೋಡೆಯ ಬಿರುಕು ಎಣಿಸಬಹುದಿತ್ತಂತೆ. ತೊಳೆಯುತ್ತಲೇ ಪಕ್ಕದ ಕೋಣೆಯಲ್ಲಿ ಜೀವಕಣ ಬೆಳೆಸುವವರ ಕೈಯನ್ನು ನೋಡಿ ನೋಡಿ ಕಲಿತರು. ಒಬ್ಬಾಕೆ ಹೆರಿಗೆ ರಜೆಗೆ ಹೋದಾಗ ಆ ಕುರ್ಚಿಯಲ್ಲಿ ಕೂತವರು ಮೂವತ್ತು ವರ್ಷ ಏಳಲಿಲ್ಲ. ನಾನು ಬಂದದ್ದು ಬಹಳ ತಡವಾಗಿ, ಕಣಗಳನ್ನು ಎಣಿಸುವ ಯಂತ್ರ ನಡೆಸಲು. ಅವರು ಸೂಕ್ಷ್ಮದರ್ಶಕದಲ್ಲಿ ಒಂದು ಕಣ್ಣಿಟ್ಟು ಹೇಳಿದ್ದನ್ನೇ ನನ್ನ ಯಂತ್ರ ಅರ್ಧ ಗಂಟೆ ಗುರುಗುಟ್ಟಿ ಹೇಳುತ್ತಿತ್ತು. ಇದು ನನಗೆ ಅಷ್ಟಾಗಿ ಹಿಡಿಸುತ್ತಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಅಕ್ಕನ ಕೆಲಸ ಏನೆಂದು ಹೇಳಬೇಕು. ನಮ್ಮ ರಕ್ತದಲ್ಲಿ ಮೊನೊಸೈಟ್ ಎಂಬ ಬಿಳಿಯ ಕಣಗಳು ಅಲೆಯುತ್ತಿರುತ್ತವೆ. ಮೈಯಲ್ಲಿ ಎಲ್ಲಾದರೂ ಗಾಯವೋ ಉರಿಯೋ ಆದರೆ ಅವು ಅಲ್ಲಿಗೆ ಹೋಗುತ್ತವೆ, ಕೆಲವು ಅಲ್ಲೇ ವೇಷ ಬದಲಿಸಿ ಡೆಂಡ್ರಿಟಿಕ್ ಕಣಗಳಾಗುತ್ತವೆ. ಇವು ಸ್ವತಃ ಹೊಡೆದಾಡುವವಲ್ಲ. ಸಿಕ್ಕಿದ್ದರ ಚೂರನ್ನು ಹಿಡಿದುಕೊಂಡು ಹೋಗಿ ಹೊಡೆದಾಡುವ ಕಣಗಳಿಗೆ ತೋರಿಸುತ್ತವೆ. ಬಾಗಿಲಿಗೆ ಬಂದವರು ನೆಂಟರೋ ಕಳ್ಳರೋ ಎಂದು ಒಳಗಿನವರಿಗೆ ಹೇಳುವವರು ಇವರೇ. ಮೈತುಂಬ ತೋಳು ಚಾಚಿ ಗಾಬರಿಯಿಂದ ತೋರಿಸಿದರೆ ದಾಳಿ ಶುರು. ಶಾಂತವಾಗಿದ್ದು ತೋರಿಸಿದರೆ, ಬಿಟ್ಟುಬಿಡಿ ನಮ್ಮವರೇ ಎಂದು ಅರ್ಥ. ಹೊಡೆದಾಡುವ ಕಣಗಳೋ, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಹೇಳಿದ್ದನ್ನು ನಂಬುತ್ತವೆ.

ಕೆಲವರ ಮೈಯಲ್ಲಿ ಈ ಕಣಗಳು ಸ್ವಂತ ಮೂಳೆಯ ಸಂದನ್ನೇ ಕಳ್ಳ ಎಂದು ತೋರಿಸಿಬಿಡುತ್ತವೆ. ಅಂಥವರ ರಕ್ತದಿಂದ ಮೊನೊಸೈಟ್ ತೆಗೆದು, ಏಳು ದಿನ ಸಾಕಿ, ಔಷಧಿ ಹಾಕಿ ಶಾಂತವಾಗಿರಲು ಕಲಿಸಿ, ಅದೇ ಮನುಷ್ಯನ ಕೀಲಿಗೆ ವಾಪಸು ಚುಚ್ಚುವ ಪ್ರಯೋಗ ನಮ್ಮಲ್ಲಿ ನಡೆಯುತ್ತಿತ್ತು. ಏಳನೆಯ ದಿನ ನೂರರಲ್ಲಿ ಹತ್ತಕ್ಕಿಂತ ಹೆಚ್ಚು ಕಣ ಎಚ್ಚೆತ್ತು ತೋಳು ಚಾಚಿದ್ದರೆ ಎಲ್ಲವನ್ನೂ ಎಸೆಯಬೇಕೆಂಬುದು ನಿಯಮ. ಅಕ್ಕ ಕಣ ಸಾಕುವ ಫ್ಲಾಸ್ಕ್‌ಗಳಲ್ಲಿ ಅದು ಎರಡು ಮೂರನ್ನು ದಾಟಿದ್ದೇ ಇಲ್ಲ.

ಆ ಸಲದ ರೋಗಿ ಒಬ್ಬ ದರ್ಜಿ. ಬಲ ಮೊಣಕಾಲು ಊದಿಕೊಂಡು ಹೊಲಿಗೆ ಯಂತ್ರದ ಪೆಡಲ್ ತುಳಿಯಲಾಗದೆ ಅಂಗಡಿ ಮುಚ್ಚಿದ್ದರು. ಈ ಪ್ರಯೋಗಕ್ಕೆಂದೇ ಎರಡು ತಿಂಗಳು ಜೋರು ಮಾತ್ರೆಗಳನ್ನು ಬಿಟ್ಟು ನೋವು ತಿಂದಿದ್ದರು. ಎರಡೂ ತೋಳಿಗೆ ಸೂಜಿ ಹಾಕಿ, ಅಲ್ಲಾಡದಂತೆ ನಾಲ್ಕು ಗಂಟೆ ಮಲಗಿಸಿ ಅವರ ಬಿಳಿಯ ಕಣಗಳನ್ನು ತೆಗೆದಿದ್ದರು.

ಮೂರನೆಯ ದಿನ ಕಣಗಳ ಆಹಾರದ್ರವ ಬದಲಿಸಬೇಕಿತ್ತು. ಅದನ್ನು ಬೆರೆಸಲು ಮುದ್ರೆ ಒಡೆಯದ ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು. ಕಪಾಟಿನಲ್ಲಿ ಉಳಿದಿದ್ದ ಒಂದೇ ಒಂದು ಬಾಟಲಿ ಸೀಳಿತ್ತು, ಹೊಸ ಪೆಟ್ಟಿಗೆ ಬರುವುದು ಮರುದಿನ, ಕಣಗಳು ಉಪವಾಸ ಇರುವವಲ್ಲ. ಅಕ್ಕ ಮೇಲಿನ ಹಲಗೆಯಿಂದ ಒಂದು ಹಳೆಯ ಗಾಜಿನ ಬಾಟಲಿ ಇಳಿಸಿ, ತಮ್ಮ ಕೈಯಾರೆ ತೊಳೆದು, ಹಬೆಯ ಯಂತ್ರದಲ್ಲಿ ಬೇಯಿಸಿ, ಅದರಲ್ಲಿ ಬೆರೆಸಿದರು. ಯಾರೂ ನೋಡಲಿಲ್ಲ.

ಏಳನೆಯ ದಿನ ನನ್ನ ಯಂತ್ರ ಎಂಟು ಎಂದಿತು. ಹತ್ತಕ್ಕಿಂತ ಕಡಿಮೆ, ನಾನು ಸಹಿ ಹಾಕಿದೆ. ಆ ಕಾಗದ ಕೊಡಲು ಹೋದರೆ ಅಕ್ಕ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದರು. ಬಾಟಲಿಯ ಕಥೆಯನ್ನು ಆಗ ಹೇಳಿದರು. ಹಬೆಗೆ ಸೂಕ್ಷ್ಮಜೀವಿ ಸಾಯುತ್ತದೆ, ಅದರ ಸಿಪ್ಪೆ ಸಾಯುವುದಿಲ್ಲ. ಆ ಸಿಪ್ಪೆಯ ಧೂಳು ಸಾಕು, ಈ ಕಣಗಳು ಕಳ್ಳ ಬಂದನೆಂದು ಎದ್ದು ಕೂರುತ್ತವೆ. ಇದು ನಮ್ಮಲ್ಲಿ ಹೊಸದಾಗಿ ಸೇರಿದವರಿಗೆ ಅಕ್ಕನೇ ಮೊದಲ ದಿನ ಹೇಳಿಕೊಡುವ ಪಾಠ.

‘ಗೊತ್ತಿತ್ತಪ್ಪಾ. ಬೇರೆಯವರು ತೊಳೆದಿದ್ರೆ ಮುಟ್ತಾನೂ ಇರಲಿಲ್ಲ. ನಾನು ತೊಳೆದಿದ್ದಲ್ವಾ ಅಂದ್ಕೊಂಡೆ’ ಎಂದರು.

ನಾನು ಬಾಗಿಲು ಮುಂದೆ ಮಾಡಿದೆ. ಸುಮ್ಮನಿರಿ ಅಕ್ಕ, ಎಂಟು ಅಂದರೆ ಹತ್ತಕ್ಕೆ ಕಡಿಮೆ, ನಿಯಮವೇ ಒಪ್ಪಿರುವಾಗ ನಿಮ್ಮದೇನು ಎಂದೆ. ಆ ದರ್ಜಿ ಮತ್ತೆ ಸೂಜಿ ಹಾಕಿಸಿಕೊಳ್ಳಬೇಕಾಗುತ್ತದೆ, ಪಾಪ ಎಂದೂ ಸೇರಿಸಿದೆ. ಪಾಪ ಎಂದದ್ದು ದರ್ಜಿಗಾಗಿ ಅಲ್ಲ, ಸಹಿ ನನ್ನದಾಗಿತ್ತು. ಅಕ್ಕ ಎದ್ದು ಈ ಪ್ರಯೋಗ ನಡೆಸುವ ಡಾಕ್ಟರಮ್ಮನ ಕೋಣೆಗೆ ಹೋದರು.

ಡಾಕ್ಟರಮ್ಮ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವವರು. ಮೊದಲು ಬೈದರು, ಆಮೇಲೆ ಎಂಟು ಎಂಬ ಅಂಕಿಯನ್ನು ಹಿಡಿದು ನನ್ನನ್ನು ಕರೆಸಿ ಎರಡು ಸಲ ಕೇಳಿದರು. ನಾನು ಎರಡು ಸಲವೂ ನಿಯಮದೊಳಗಿದೆ ಎಂದೆ. ಆಗ ಅಕ್ಕ, ಈ ಕಣಗಳು ಆ ಮೊಣಕಾಲಿಗೆ ಹೋಗಿ ಏನು ಹೇಳುತ್ತವೆ ಎಂದು ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ನಾನು ಕಳಿಸುವುದಿಲ್ಲ ಎಂದರು. ಅಷ್ಟೇ. ಮಧ್ಯಾಹ್ನದೊಳಗೆ ಮೂರೂ ಫ್ಲಾಸ್ಕ್‌ಗಳನ್ನು ತಾವೇ ಎಸೆದರು.

ನಮ್ಮಂಥವರು ರೋಗಿಗಳನ್ನು ನೋಡುವ ಪದ್ಧತಿಯಿಲ್ಲ. ಆದರೂ ಅಕ್ಕ ಹಟ ಹಿಡಿದು ಕೆಳಗಿನ ಮಹಡಿಗೆ ಇಳಿದರು. ಎಣಿಕೆಯ ಕಾಗದ ಹಿಡಿದುಕೊಂಡು ನಾನೂ ಹೋಗಬೇಕಾಯಿತು. ದರ್ಜಿ ಚುಚ್ಚಿಸಿಕೊಳ್ಳಲು ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಮಡಚಿ ಕೂತಿದ್ದರು. ಅಕ್ಕ ಬಾಟಲಿಯಿಂದ ಹಿಡಿದು ಎಲ್ಲವನ್ನೂ ಹೇಳಿದರು. ಅಂಕಿಯ ವಿಷಯ ಬಂದಾಗ ನಾನು ಬಾಯಿ ಹಾಕಿ, ಎಂಟು ಹತ್ತಕ್ಕಿಂತ ಕಡಿಮೆಯೇ, ನಿಯಮದ ಪ್ರಕಾರ ಕೊಡಬಹುದಿತ್ತು ಎಂದೆ. ದರ್ಜಿ ಪ್ಯಾಂಟನ್ನು ಇಳಿಸಿಕೊಂಡು, ಗೋಡೆ ಹಿಡಿದುಕೊಂಡು ಹೊರಗೆ ಹೋದರು. ಇನ್ನು ಈ ಮನುಷ್ಯ ಬರುವುದಿಲ್ಲ ಎಂದು ನಾನು ಖಂಡಿತವಾಗಿ ನಂಬಿದೆ. ಅಕ್ಕ ಮೆಟ್ಟಿಲ ಮೇಲೆ ಕೂತು ಅತ್ತರು.

ಅಕ್ಕನನ್ನು ಸಾಮಾನು ಕೋಣೆಗೆ ಹಾಕಿದರು. ಪೆಟ್ಟಿಗೆ ಎಣಿಸುವ ಕೆಲಸ, ಅಲ್ಲಿ ‘ಮೆಲ್ಲಗೆ’ ಎನ್ನಲು ಏನೂ ಇರಲಿಲ್ಲ. ಕುರ್ಚಿಗೆ ಹೊಸಬಳು ಬಂದಳು. ನನ್ನ ಯಂತ್ರ ನನ್ನ ಹತ್ತಿರವೇ ಇತ್ತು.

ಐದನೆಯ ವಾರ ದರ್ಜಿ ಬಂದರು. ಕೋಲು ಊರಿಕೊಂಡು ನೇರ ಡಾಕ್ಟರಮ್ಮನ ಕೋಣೆಗೆ ಹೋಗಿ ಕೂತರು. ಮತ್ತೆ ರಕ್ತ ಕೊಡುತ್ತೇನೆ, ಆದರೆ ಆ ಅಮ್ಮನೇ ಬೆಳೆಸಬೇಕು ಎಂದರು. ತಪ್ಪು ಮಾಡಿದವರನ್ನು ಅದೇ ಜಾಗದಲ್ಲಿ ಕೂರಿಸಲಾಗುವುದಿಲ್ಲ, ಬೇರೆ ಕಡೆ ಹಾಕಬೇಕೆಂಬುದು ನಮ್ಮ ಕ್ರಮ ಎಂದು ಡಾಕ್ಟರಮ್ಮ ಸಮಾಧಾನವಾಗಿ ವಿವರಿಸಿದರು. ದರ್ಜಿ ತಲೆಯಾಡಿಸುತ್ತ ಪೂರ್ತಿ ಕೇಳಿಸಿಕೊಂಡರು. ಒಪ್ಪಿದರೆಂದೇ ನಾವು ತಿಳಿದೆವು.

‘ಸರಿ, ಆ ಕ್ರಮ ಒಳ್ಳೇದೇ. ಹಾಗಾದ್ರೆ ಎಂಟಾದ್ರೂ ಪರವಾಗಿಲ್ಲ, ಕೊಡಬಹುದಿತ್ತು ಅಂದ್ರಲ್ಲ, ಅವರನ್ನ ಎಲ್ಲಿಗೆ ಹಾಕಿದ್ರಿ?’ ಎಂದು ಕೇಳಿದರು.

ಡಾಕ್ಟರಮ್ಮ ನನ್ನ ಕಡೆ ನೋಡಿದರು. ದರ್ಜಿಯ ಸಹಿಗೆಂದು ತಂದ ಒಪ್ಪಿಗೆ ಪತ್ರವನ್ನು ಕೈಯಲ್ಲಿ ಹಿಡಿದು ನಾನು ಅವರ ಕುರ್ಚಿಯ ಪಕ್ಕದಲ್ಲೇ ನಿಂತಿದ್ದೆ.