ಎಣಿಸುವವನ ಕೈ

ಆ ಊರಿನ ಬಡಗಿಯನ್ನು ಎಲ್ಲರೂ ಎಣಿಕೆ ಮಾಮ ಎಂದೇ ಕರೆಯುತ್ತಿದ್ದರು. ವರ್ಷಕ್ಕೊಮ್ಮೆ ಶಾಲೆಯ ಸಭಾಂಗಣದಲ್ಲಿ ಊರು ಸೇರಿ, ಮುಂದಿನ ವರ್ಷದ ಖರ್ಚು ಎಷ್ಟು, ಮನೆ ತೆರಿಗೆ ಎಷ್ಟು ಎಂದು ಕೈ ಎತ್ತಿ ತೀರ್ಮಾನಿಸುತ್ತಿತ್ತು. ಆ ಕೈಗಳನ್ನು ಎಣಿಸುವುದು ಇಪ್ಪತ್ತಾರು ವರ್ಷಗಳಿಂದ ಅವನ ಕೆಲಸ. ಅಲ್ಲಿನ ಬೆಂಚುಗಳನ್ನು ಮಾಡಿದವನೂ ಅವನೇ. ಬೆಂಚಿಗೆ ಐದು ಜನ, ದಪ್ಪಗಿದ್ದವರು ಕುಳಿತರೆ ನಾಲ್ಕು. ಕಿವಿಗೆ ಸಿಕ್ಕಿಸಿದ ಪೆನ್ಸಿಲ್ ತೆಗೆದು, ಸಾಲಿನಿಂದ ಸಾಲಿಗೆ ನಡೆಯುತ್ತ, ತುಟಿ ಅಲ್ಲಾಡಿಸದೆ ಎಣಿಸುತ್ತಿದ್ದ. ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ. ಅವನ ಕೈ ಒಮ್ಮೆಯೂ ಮೇಲೆ ಹೋಗಿರಲಿಲ್ಲ. ಎಣಿಸುವವನು ಯಾವ ಕಡೆಗೂ ವಾಲಬಾರದು ಎಂಬುದು ಅವನ ನಂಬಿಕೆ.

ಆ ವರ್ಷ ಶಾಲೆಯ ವಾಚನಾಲಯದ ಮಾತು ಬಂತು. ಅದನ್ನು ನೋಡಿಕೊಳ್ಳುತ್ತಿದ್ದವಳು ಅವನ ತಂಗಿ. ಮನೆ ತೆರಿಗೆ ಸ್ವಲ್ಪ ಏರಿದರೆ ವಾಚನಾಲಯ ಉಳಿಯುತ್ತದೆ, ಇಲ್ಲದಿದ್ದರೆ ಕೋಣೆಗೆ ಬೀಗ, ಅವಳ ಕೆಲಸಕ್ಕೂ ಕೊನೆ.

ಸಭೆಯ ದಿನ ಬೆಳಿಗ್ಗೆ ಹೆಂಡತಿ ಅಂದಳು, "ಕೆಲಸದ ಮನೆಗೆ ಚಾವಣಿ ಹಾಕಿಸಿ ಮೂರು ತಿಂಗಳಾಗಿಲ್ಲ. ತೆರಿಗೆ ಏರಿದ್ರೆ ಅದಕ್ಕೂ ಸೇರಿಸಿ ಕಟ್ಬೇಕು. ಹಾಗಂತ ನಾದಿನಿ ಕೆಲಸ ಹೋಗ್ಲಿ ಅಂತ ನಾನು ಹೇಗೆ ಹೇಳ್ಲಿ?"

"ನಾನು ಕೈ ಎತ್ತೋನಲ್ಲವಲ್ಲ, ನನ್ನನ್ಯಾಕೆ ಕೇಳ್ತೀಯ," ಎಂದ ಅವನು. ಹಾಗೆಂದಾಗ ಮನಸ್ಸು ಹಗುರಾಯಿತು. ಆ ಹಗುರವೇ ಆಮೇಲೆ ಅವನನ್ನು ಕೊರೆಯಿತು.

ಸಭೆಯಲ್ಲಿ ಮೊದಲು ಎದ್ದವನು ಕ್ಷೌರದಂಗಡಿಯವನು. "ನನಗೆ ಮಕ್ಕಳಿಲ್ಲ ಮರಿಯಿಲ್ಲ. ಯಾರೋ ಕತೆ ಪುಸ್ತಕ ಓದೋಕೆ ನನ್ನ ಮನೆಗ್ಯಾಕೆ ತೆರಿಗೆ?"

ತಂಗಿ ಕುಳಿತಲ್ಲಿಂದಲೇ ಅಂದಳು, "ಓದಿದ ತಲೆ ಆದ್ರೂ ಓದದ ತಲೆ ಆದ್ರೂ ನಿಮ್ಮ ಕತ್ತರಿಗೇ ಅಲ್ವಾ ಬರೋದು? ಒಂದಿಷ್ಟು ಖರ್ಚು ಮಾಡಿ."

ಸಭೆ ನಕ್ಕಿತು. ಕ್ಷೌರದಂಗಡಿಯವನೂ ನಕ್ಕು ಕುಳಿತ. ನಕ್ಕವರೆಲ್ಲ ತಂಗಿಯ ಕಡೆ ಇದ್ದಾರೆ ಎಂದು ಬಡಗಿ ಅಂದುಕೊಂಡ.

ಅಧ್ಯಕ್ಷೆ ನರ್ಸಮ್ಮ ಕೈ ಎತ್ತಲು ಹೇಳಿದರು. ತೆರಿಗೆ ಏರಲಿ ಎಂದವರು ಐವತ್ತೆಂಟು. ಬೇಡವೆಂದವರೂ ಐವತ್ತೆಂಟು.

"ಇನ್ನೊಂದ್ಸಲ ಎಣಿಸಿಬಿಡಿ ಮಾಮ. ಸಮ ಬಂದ್ರೆ ಹಳೇ ತೆರಿಗೆನೇ ಮುಂದುವರಿಯುತ್ತೆ, ಗೊತ್ತಲ್ಲ."

ಅವನು ಮತ್ತೆ ಎಣಿಸಿದ, ನಿಧಾನವಾಗಿ, ಇನ್ನೊಂದೇ ಒಂದು ಕೈಗಾಗಿ ಹುಡುಕುತ್ತ. ಮೂರನೆಯ ಬೆಂಚಿನಲ್ಲಿ ತಂಗಿ, ಮೇಲಿನ ಹಲಗೆಯ ಪುಸ್ತಕಕ್ಕೆ ಚಾಚುವಂತೆ ತೋಳು ಪೂರ್ತಿ ಎತ್ತಿದ್ದಳು. ಅವಳು ಅವನನ್ನೇ ನೋಡುತ್ತಿದ್ದಳು. ಅವನು ಪೆನ್ಸಿಲ್ಲಿನಿಂದ ಅವಳನ್ನು ಎಣಿಸಿ ಮುಂದೆ ಹೋದ.

"ಸಮ," ಎಂದ.

ಮನೆಯ ದಾರಿಯ ತಿರುವಿನಲ್ಲಿ ತಂಗಿ ಕೇಳಿದಳು, "ಅಣ್ಣ, ನಿನ್ನನ್ನ ಎಣಿಸಿಕೊಂಡ್ಯಾ?"

"ಎಣಿಸೋನು ಕೈ ಎತ್ತಬಾರದಮ್ಮ."

"ಯಾರು ಹೇಳಿದ್ದು?"

ಯಾರು ಹೇಳಿದ್ದರೆಂದು ಅವನಿಗೆ ನೆನಪಾಗಲಿಲ್ಲ.

ಮರುದಿನ ಊರಿನ ಕಚೇರಿಗೆ ಹೋಗಿ ಗುಮಾಸ್ತನನ್ನು ಕೇಳಿದ. ಗುಮಾಸ್ತ ಕಡತದಿಂದ ತಲೆಯೆತ್ತಿದ. "ಹಾಗಂತ ಎಲ್ಲೂ ಇಲ್ವಲ್ಲ ಮಾಮ. ನಿಮಗಿಂತ ಮುಂಚೆ ಎಣಿಸ್ತಿದ್ದ ಟೈಲರ್ ತಾತ, ತಮ್ಮ ಕೈ ಎತ್ತಿ ಒಂದು ಅಂತಲೇ ಶುರು ಮಾಡ್ತಿದ್ರಂತೆ. ನೀವು ಎತ್ತಲ್ಲ. ನಿಮ್ಮಿಷ್ಟ ಅಂದ್ಕೊಂಡಿದ್ವಿ."

"ಮತ್ತೆ ಸಭೆ ಕರೆಯೋಕಾಗುತ್ತಾ?"

"ಮುಂದಿನ ವರ್ಷ."

ತಿಂಗಳು ಕಳೆಯುವಷ್ಟರಲ್ಲಿ ವಾಚನಾಲಯದ ಕಪಾಟುಗಳನ್ನು ಬಿಚ್ಚಲು ಅವನನ್ನೇ ಕರೆದರು. ಕೂಡಿಸಿದವನಿಗೇ ತಾನೆ ಬಿಚ್ಚುವುದೂ ಗೊತ್ತು. ತಂಗಿ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು. ಬೇರೆ ಊರಿನ ಶಾಲೆಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಕೋಣೆ ತರಗತಿಗೆ ಬೇಕಾಗಿತ್ತು, ಹಲಗೆಗಳನ್ನಿಡಲು ಶಾಲೆಯಲ್ಲಿ ಜಾಗವಿರಲಿಲ್ಲ. ಕೊನೆಗೆ ಅಣ್ಣ ತಂಗಿ ಇಬ್ಬರೂ ಹೊತ್ತುಕೊಂಡು ಬಂದು ಅವನ ಕೆಲಸದ ಮನೆಯ ಗೋಡೆಗೆ ಒರಗಿಸಿದರು. ಅವಳು ಕೈಯ ಧೂಳು ಕೊಡವಿ ಮೇಲೆ ನೋಡಿದಳು.

"ಚಾವಣಿ ಚೆನ್ನಾಗಿ ಬಂದಿದೆ ಅಣ್ಣ," ಎಂದಳು.

ಅದರಲ್ಲಿ ಚುಚ್ಚುಮಾತು ಇತ್ತೋ ಇಲ್ಲವೋ. ಅವತ್ತು ಕೈಯನ್ನು ಕೆಳಗೆ ಹಿಡಿದದ್ದು ನಂಬಿಕೆಯೋ ಚಾವಣಿಯೋ ಎಂದು ಅವನಿಗೇ ಬಗೆಹರಿದಿರಲಿಲ್ಲ.

ಮುಂದಿನ ವರ್ಷದ ಸಭೆಗೆ ಮುಂಚೆಯೇ ಹೋಗಿ, ಪೆನ್ಸಿಲನ್ನು ಲೆಕ್ಕದ ಮೇಷ್ಟರಿಗೆ ಕೊಟ್ಟು, ಮೂರನೆಯ ಬೆಂಚಿನಲ್ಲಿ ಕುಳಿತ. ಅವತ್ತಿನದು ಬೀದಿ ದೀಪದ ವಿಷಯ. ನರ್ಸಮ್ಮ ಇನ್ನೂ ಓದುತ್ತಿದ್ದರು, ಅವನ ಕೈ ಮೇಲಿತ್ತು.

"ಮಾಮ, ಇನ್ನೂ ಕೇಳಿಲ್ಲ. ಕೈ ಇಳಿಸಿ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅವನು ಕೈ ಇಳಿಸಿ ಮೊಣಕಾಲಿನ ಮೇಲಿಟ್ಟುಕೊಂಡ. ಕೇಳಿದಾಗ ಮತ್ತೆ ಎತ್ತಿದ. ಮೇಷ್ಟರು ಅವನನ್ನು ಹನ್ನೆರಡು ಎಂದು ಎಣಿಸಿ ಮುಂದೆ ಹೋದರು.