ಗಂಜಿ ಒಣಗುವ ತನಕ

ಇಂದು ಸೋಮವಾರ, ಬೆಳಗಿನ ಏಳು ಗಂಟೆ. ಅಡುಗೆಮನೆಯಲ್ಲಿ ನಾನು ಮತ್ತು ನನ್ನ ಸೊಸೆ. ಸೋಮವಾರ ಸೀರೆಗಳಿಗೆ ಗಂಜಿ ಹಾಕುವ ದಿನ. ಮದುವೆಯಾಗಿ ಬನಹಟ್ಟಿಗೆ ಬಂದಾಗಿನಿಂದ ತಪ್ಪಿಲ್ಲ. ಗಂಜಿಯ ವಾಸನೆ ಏಳುವಾಗಲೇ ಹೊರಗೆ ಜೀಪೊಂದು ನಿಂತಿತು. ಕೈಯಲ್ಲಿದ್ದ ಸೌಟು ಬಿತ್ತು. ಯಾರದೋ ಮನೆಯ ನೆಂಟರು, ಅಷ್ಟೇ. ಆದರೆ ಎದುರುಮನೆ ಕಾಕಾ ಕಣ್ಣ ಮುಂದೆ ಬಂದುಬಿಟ್ಟರು...

ಅದು ಚೀನಾ ಯುದ್ಧದ ಚಳಿಗಾಲ. ನಾನು ಹೊಸ ಸೊಸೆ. ಕಾಕಾ ಅವರ ತಂದೆ ಚೀನಾದಿಂದ ಬಂದು ಊರೂರು ತಿರುಗಿ ರೇಷ್ಮೆ ಬಟ್ಟೆ ಮಾರಿದವರು. ಕಾಕಾ ಹುಟ್ಟಿ ಬೆಳೆದದ್ದು ನಮ್ಮ ಓಣಿಯಲ್ಲೇ. ನೂಲಿನ ಬಣ್ಣ ಮಾರುತ್ತಿದ್ದರು. ನೇಕಾರರಾದ ನಾವು ಮಗ್ಗಕ್ಕೆ ಏರಿಸುವ ಉದ್ದೆಳೆಗಳ ಹಾಸನ್ನು ಓಣಿಯುದ್ದಕ್ಕೂ ಹರವಿ ಗಂಜಿ ಹಚ್ಚುವ ಬೆಳಗು, ಒಂದು ತುದಿ ಗೂಟಕ್ಕೆ, ಇನ್ನೊಂದು ಕಾಕಾ ಅವರ ಕೈಗೆ. ಹಸಿ ಹಾಸನ್ನು ಯಾರೂ ದಾಟುತ್ತಿರಲಿಲ್ಲ. ಮದುವೆ ಮೆರವಣಿಗೆಯೂ, ಹೆಣವೂ ಬೇರೆ ಓಣಿ ಹಿಡಿಯುತ್ತಿದ್ದವು.

ಅಂಥದೊಂದು ಬೆಳಗು ಪೊಲೀಸ್ ಜೀಪು ಬಂತು. ಫೌಜದಾರರು ಹಾಸಿನ ಪಕ್ಕದಲ್ಲೇ ನಡೆದು ಬಂದು, "ನಡೀರಿ. ಚೀನಾದ ಮಂದೀನ ಒಯ್ಯಾಕ ಆರ್ಡರ್ ಬಂದೈತಿ" ಎಂದರು.

"ಕೈ ಬಿಟ್ರ ಎಳಿ ಎಲ್ಲಾ ಗಂಟ ಬೀಳ್ತಾವ್ರಿ. ಗಂಜಿ ಒಣಗೂತನಕ ತಡೀರಿ ಸಾಹೇಬ್ರ" ಎಂದರು ಕಾಕಾ.

ಫೌಜದಾರರೂ ನೇಕಾರರ ಮನೆಯಲ್ಲಿ ಹುಟ್ಟಿದವರು. ಕಟ್ಟೆಯ ಮೇಲೆ ಕುಳಿತರು.

ಮಾವನವರು ಊರಿನ ಸಾಹುಕಾರರ ಮನೆಗೆ ಓಡಿದರು. ಕಾಕಾ ಅವರನ್ನು ಹುಟ್ಟಿದಾಗಿನಿಂದ ಬಲ್ಲವರು ಅವರು. ಬಂದು ಒಂದು ಮಾತು ಹೇಳಿದರೆ ಬಿಟ್ಟಾರು ಎಂಬ ಆಸೆ. ಅತ್ತೆ ನನ್ನ ಪಕ್ಕಕ್ಕೆ ಸರಿದು ಪಿಸುಗುಟ್ಟಿದರು: "ಮತ್ತ ಹಚ್ಚ ಬೇ. ಸಾಹುಕಾರ್ರು ಬರೂತನಕ ಒಣಗಾಕ ಬಿಡಬ್ಯಾಡ."

ಹಚ್ಚಿದ್ದರ ಮೇಲೆಯೇ ಮತ್ತೆ ಹಚ್ಚಿದೆ. ಕುಂಚವನ್ನು ಮತ್ತೆ ಮತ್ತೆ ಗಂಜಿಗೆ ಅದ್ದಿದೆ. ಗೊತ್ತಾದರೆ ನಮ್ಮನ್ನೂ ಅದೇ ಜೀಪಿಗೆ ಹಾಕುತ್ತಾರೆ ಎಂಬ ಭಯ. ಬಿಸಿಲು ಏರುತ್ತಲೇ ಇತ್ತು. ಅತ್ತೆ ಮಾತ್ರ ದೊಡ್ಡ ದನಿ ತೆಗೆದರು: "ಇಂವಾ ಚೀನಾದಾಂವಾದ್ರ ನಾನೂ ಚೀನಾದಾಕಿನ ಬಿಡ್ರಿ. ಇಬ್ಬರಿಗೂ ರೊಟ್ಟಿ ಬಿಟ್ರ ಬ್ಯಾರೆ ಇಳ್ಯಾಂಗಿಲ್ಲ."

ಫೌಜದಾರರು ನಗಲಿಲ್ಲ. ನನ್ನ ಕುಂಚವನ್ನೇ ನೋಡುತ್ತ, "ಎಷ್ಟ ಗಂಜಿ ಕುಡೀತೈತವಾ ನಿಮ್ಮ ಹಾಸು?" ಎಂದರು.

ನನ್ನ ಕೈ ನಿಂತಿತು.

ಮಾವನವರು ಒಬ್ಬರೇ ಬಂದರು. "ಸಾಹುಕಾರ್ರಿಗೆ ಜ್ವರ ಅಂತ."

"ನನ್ನ ಹೆಸರ ಕೇಳಿದ್ರ ಈಗ ಎಲ್ಲಾರಿಗೂ ಜ್ವರ ಬರ್ತಾವ" ಎಂದು ಕಾಕಾ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ಸಾಕ್ ಬಿಡು ತಂಗಿ, ಹಾಸು ಹಾಳಾಕ್ಕೈತಿ" ಎಂದರು. ತುದಿಯನ್ನು ನನ್ನ ಕೈಗಿಟ್ಟರು. "ಬಿಗಿ ಹಿಡಿ."

ಕಾಕಾ ಜೀಪು ಹತ್ತಿದರು. ಅವರನ್ನು ರಾಜಸ್ಥಾನದ ಯಾವುದೋ ಶಿಬಿರದಲ್ಲಿ ಇಟ್ಟಿದ್ದಾರೆಂದು ಸುದ್ದಿ ಬಂತು. ಅವರ ತಪ್ಪೇನೆಂದು ಯಾರೂ ಹೇಳಲಿಲ್ಲ. ಯಾವ ಕೋರ್ಟೂ ಕೇಳಲಿಲ್ಲ. ಕೇಳಲು ಠಾಣೆಗೆ ಹೋದ ಮಾವನವರನ್ನು ಸಂಜೆಯ ತನಕ ಕೂರಿಸಿಕೊಂಡು, ಅವರ ಅಜ್ಜ ಎಲ್ಲಿಂದ ಬಂದವರೆಂದು ವಿಚಾರಿಸಿ ಕಳಿಸಿದರು. ಅಂದಿನಿಂದ ನಮ್ಮ ಮನೆಯಲ್ಲಿ ಅಜ್ಜನ ಊರಿನ ಮಾತು ನಿಂತಿತು. ಪದರು ಪದರಾಗಿ ಗಂಜಿ ಹಿಡಿದ ಆ ಹಾಸು ಕಡ್ಡಿಯಂತೆ ಮುರಿಯಿತು, ಮಗ್ಗಕ್ಕೆ ಏರಲಿಲ್ಲ. ಯುದ್ಧ ಮುಗಿಯಿತು. ಕಾಕಾ ಬರಲಿಲ್ಲ... ಇದ್ದಾರೋ, ಎಲ್ಲಿ ಮಣ್ಣಾದರೋ, ಇಂದಿಗೂ ತಿಳಿಯದು.

ಹೊರಗಿನ ಜೀಪು ಹೊರಟುಹೋಯಿತು. ಸೀರೆ ಅದ್ದಿದೆ, ಹಿಂಡಿದೆ.

"ಮಾಳಿಗಿ ಮ್ಯಾಲ ಹಾಕ್ಲೇನ್ರಿ ಅತ್ತಿ? ಬಿಸಲೈತಿ, ಲಗೂ ಒಣಗತೈತಿ" ಎಂದಳು ಸೊಸೆ.

"ಬ್ಯಾಡ" ಎಂದೆ.

ಒಂದು ತುದಿ ಅವಳಿಗೆ ಕೊಟ್ಟು, ಇನ್ನೊಂದನ್ನು ನಾನು ಬಿಗಿಹಿಡಿದು, ಪಡಸಾಲೆಯ ನೆರಳಿನಲ್ಲಿ ಹರವಿದೆ. ಅಲ್ಲಿ ತಡವಾಗಿ ಒಣಗುತ್ತದೆ.